ನಾಸಿ ಲೆಮಾಕ್‌ಗೆ ಕ್ಯೂ ಬೇಡ, ಪೊಟ್ಟಣ ಕೇಳಿ

ಕೌಲಾಲಂಪುರದಲ್ಲಿ ಬೆಳಗ್ಗೆ ಮಲಯ್ ಹೋಟೆಲು ಕಿಕ್ಕಿರಿದಿದ್ದರೆ ಕ್ಯೂ ನಿಲ್ಲುವ ಮುಂಚೆ ‘ನಾಸಿ ಲೆಮಾಕ್ ಬುಂಗ್ಕುಸ್’ ಇದೆಯಾ ಕೇಳಿ. ನಾಸಿ ಲೆಮಾಕ್ ಅಂದರೆ ತೆಂಗಿನಹಾಲಿನಲ್ಲಿ ಬೇಯಿಸಿದ ಅನ್ನ; ಬುಂಗ್ಕುಸ್ ಅಂದರೆ ಅದನ್ನೇ ಬಾಳೆ ಎಲೆಯಲ್ಲಿ ಗೋಪುರದ ಹಾಗೆ ಕಟ್ಟಿಟ್ಟ ಪೊಟ್ಟಣ. ಕೌಂಟರಿನಲ್ಲಿ, ಕೆಲವು ಕಡೆ ಟೇಬಲ್ಲಿನ ಮೇಲೇ ಇಟ್ಟಿರುತ್ತಾರೆ. ಕ್ಯೂನಲ್ಲಿ ಜಾಸ್ತಿ ಇರುವವರು ತಟ್ಟೆಗೆ ಕರಿದ ಕೋಳಿ, ರೆಂಡಾಂಗ್ (ಮಸಾಲೆಯಲ್ಲಿ ಬತ್ತಿಸಿದ ಮಾಂಸ) ಹಾಕಿಸಿಕೊಳ್ಳಲು ಬಂದವರು. ನಿಮಗೆ ಬೇಕಾದ್ದು ತೆಂಗಿನಹಾಲಿನ ಅನ್ನ, ಸಾಂಬಲ್ ಎಂಬ ಮೆಣಸಿನಕಾಯಿ ಗೊಜ್ಜು, ಕಡಲೆಬೀಜ, ಸಣ್ಣ ಒಣಮೀನು, ಒಂದು ತುಂಡು ಮೊಟ್ಟೆ ಅಷ್ಟೇ ಆದರೆ ಸುಮ್ನೆ ಯಾಕೆ ಕಾಯಬೇಕು? ಪೊಟ್ಟಣ ಬಿಚ್ಚಿದಾಗ ಬಿಸಿ ಅನ್ನಕ್ಕೆ ಬಾಡಿದ ಎಲೆಯ ಘಮ ಹತ್ತಿರುತ್ತದೆ. ನಮ್ಮ ಬಾಳೆ ಎಲೆ ಊಟದ್ದೇ ನೆನಪು! ನನಗಂತೂ ತಟ್ಟೆಗಿಂತ ಇದೇ ರುಚಿ. ಜೊತೆಗೆ ಅಲ್ಲಿನ ಹಾಲಿನ ಚಹಾ ತೇ ತಾರಿಕ್ ಹೇಳುವಾಗ ‘ಕುರಾಂಗ್ ಮಾನಿಸ್’ ಅನ್ನಿ, ಸಿಹಿ ಕಮ್ಮಿ ಹಾಕುತ್ತಾರೆ. ಇಲ್ಲದಿದ್ದರೆ ಕಂಡೆನ್ಸ್ಡ್ ಹಾಲಿನ ಸಿಹಿ ಬಾಯಿ ಕಟ್ಟಿಬಿಡುತ್ತದೆ. ತಡವಾಗಿ ಹೋದರೆ ಮಾತ್ರ ಇದು ನಡೆಯಲ್ಲ, ಪೊಟ್ಟಣಗಳೇ ಮೊದಲು ಖಾಲಿಯಾಗುವುದು. ಎಲ್ಲರಿಗೂ ಒಂದೊಂದು ಸಾಲುವುದಿಲ್ಲ, ಅನ್ನ ಸ್ವಲ್ಪವೇ ಇರುತ್ತದೆ. ಸಸ್ಯಾಹಾರಿಗಳು ಮಾತ್ರ ದಯವಿಟ್ಟು ಗಮನಿಸಿ: ಮೇಲಿನ ಸಣ್ಣ ಒಣಮೀನು ಎತ್ತಿಟ್ಟರೆ ಸಾಲದು. ಸಾಂಬಲ್‌ಗೆ ಸಾಮಾನ್ಯವಾಗಿ ಬೆಲಾಚಾನ್, ಅಂದರೆ ಸಿಗಡಿ ಅರೆದು ಮಾಡಿದ ಪೇಸ್ಟ್ ಹಾಕಿರುತ್ತಾರೆ.