ನನ್ನ ಪುಸ್ತಕದಲ್ಲಿ ಮೂರು ಸಲ 'ಗುಣಮುಖ'ರಾದವರು

ಬೆಂಗಳೂರಿನ ಹೊರವಲಯದಲ್ಲಿರುವ, 15 ಹಾಸಿಗೆಗಳ ವ್ಯಸನಮುಕ್ತಿ ಕೇಂದ್ರವೊಂದರಲ್ಲಿ ನಾನು ಕೌನ್ಸೆಲರ್. ಸೇರಿದ ಹೊಸದರಲ್ಲಿ, ತಿಂಗಳು ಮುಗಿಸಿ ಹೊರಟ ಎಲ್ಲರ ಹೆಸರಿನ ಮುಂದೆ 'ಗುಣಮುಖ' ಅಂತ ಬರೆಯುತ್ತಿದ್ದೆ. ವರದಿ ನೋಡಲು ಚೆನ್ನಾಗಿರುತ್ತಿತ್ತು. ಗೇಟು ದಾಟಿದ ಮೇಲೆ ಅವರು ಏನಾದರೋ ನಮಗೆ ಗೊತ್ತಿರುತ್ತಿರಲಿಲ್ಲ.

ಒಬ್ಬ ಆಟೋ ಚಾಲಕರಂತೂ ನನ್ನ ಪುಸ್ತಕದಲ್ಲಿ ಮೂರು ಸಲ ಗುಣಮುಖರಾಗಿದ್ದರು! ನಾಲ್ಕನೇ ಸಲ ಬಂದ ದಿನ ಟೀ ಲೋಟವನ್ನು ಅರ್ಧ ಮಾತ್ರ ತುಂಬಿಸಿ ಕೊಟ್ಟೆವು. ಎರಡೂ ಕೈಯಲ್ಲಿ ಹಿಡಿದರೂ ಅಂಗಿ ಮೇಲೆ ಚೆಲ್ಲಿತು. ವರ್ಷಗಟ್ಟಲೆ ಕುಡಿದವರು ದಿಢೀರ್ ನಿಲ್ಲಿಸಿದರೆ ಮೊದಲ ಮೂರ್ನಾಲ್ಕು ದಿನ ಅಪಾಯ ಜಾಸ್ತಿ. ಫಿಟ್ಸ್ ಬರಬಹುದು, ಇಲ್ಲದ್ದೆಲ್ಲ ಕಣ್ಣಿಗೆ ಕಾಣಬಹುದು. ಮನೆಯಲ್ಲೇ ಕೂಡಿಹಾಕಿ ಬಿಡಿಸ್ತೀವಿ ಅನ್ನುವವರಿಗೆ ನಾನು ಹೇಳುವುದು ಇದನ್ನೇ. ಡಾಕ್ಟರು ನಡುಕ, ಫಿಟ್ಸ್ ತಡೆಯುವ ಡಯಾಜೆಪಾಮ್ ಔಷಧಿ ಕೊಟ್ಟು ದಿನದಿನಕ್ಕೆ ಕಡಿಮೆ ಮಾಡುತ್ತಾರೆ. ಗ್ಲೂಕೋಸ್ ಹಾಕುವ ಮೊದಲು ಥಯಾಮಿನ್ (ಬಿ1 ವಿಟಮಿನ್) ಇಂಜೆಕ್ಷನ್. ವಾರದೊಳಗೆ ಅವರ ನಡುಕ ನಿಂತಿತು. ಮನೆಯವರು ಇದನ್ನೇ ಗುಣ ಅಂದುಕೊಳ್ಳುತ್ತಾರೆ. ನಾನೂ ಅಂದುಕೊಂಡಿದ್ದೆ.

ಆ ಸಲ ಅವರ ಹೆಂಡತಿಯ ನಂಬರ್ ತೆಗೆದುಕೊಂಡು, ಬೇರೆ ನೋಟ್‌ಬುಕ್ ಶುರು ಮಾಡಿದೆ. ಮನೆಗೆ ಹೋದ 3ನೇ ದಿನ, 7ನೇ ದಿನ, ಆಮೇಲೆ ವಾರಕ್ಕೊಮ್ಮೆ ಫೋನು. "ಕುಡಿದ್ರಾ?" ಅಂತ ಕೇಳುವುದಿಲ್ಲ. ಅದಕ್ಕೆ ಎಲ್ಲರದೂ ಒಂದೇ ಉತ್ತರ, "ಇಲ್ಲ ಮೇಡಂ." ಈ ವಾರ ಎಷ್ಟು ದಿನ ಗಾಡಿ ಓಡಿಸಿದಿರಿ, ನಿದ್ದೆ ಬರ್ತಿದೆಯಾ, ಮಾತ್ರೆ ಎಷ್ಟು ಉಳಿದಿದೆ, ಇಷ್ಟೇ ಕೇಳುತ್ತೇನೆ. ಹೊರಡುವಾಗಲೇ 14446 ವ್ಯಸನಮುಕ್ತಿ ಸಹಾಯವಾಣಿ ನಂಬರನ್ನೂ ಸೇವ್ ಮಾಡಿಸುತ್ತೇನೆ, ನಾನು ಫೋನ್ ಎತ್ತದಿದ್ದರೆ ಇರಲಿ ಅಂತ.

ಐದನೇ ವಾರ ಅವರ ಹೆಂಡತಿಯೇ ಫೋನ್ ಮಾಡಿದರು. "ಅಕ್ಕಾ, ನಿನ್ನೆ ಸಾವಿನ ಮನೆಗೆ ಹೋಗಿದ್ರು, ಕುಡ್ಕೊಂಡು ಬಂದ್ರು. ಬೈಯೋದಾ, ಸುಮ್ನಿರೋದಾ?"

"ಬೈಬೇಡಿ. ಈಗಲೇ ಕರ್ಕೊಂಡು ಬನ್ನಿ."

ಬಂದರು. ತಲೆ ತಗ್ಗಿಸಿ ಕೂತಿದ್ದರು, ಆದರೆ ಬಂದರು. ಕುಡಿತ ಆ ಒಂದು ದಿನಕ್ಕೇ ನಿಂತಿತು. ಹಿಂದೆಲ್ಲ ಇಂಥ ಒಂದು ದಿನವೇ ಆರು ತಿಂಗಳು ಎಳೆಯುತ್ತಿತ್ತು.

ಅಫೀಮಿನ ಗುಂಪಿನ ನೋವಿನ ಮಾತ್ರೆ ಕರಗಿಸಿ ಚುಚ್ಚಿಕೊಳ್ಳುವ ಹುಡುಗರ ಲೆಕ್ಕ ಬೇರೆ. ತಿಂಗಳು ಬಿಟ್ಟ ಮೇಲೆ ದೇಹಕ್ಕೆ ಅದರ ರೂಢಿ ತಪ್ಪಿರುತ್ತದೆ. ಹೊರಗೆ ಹೋಗಿ ಹಳೇ ಅಳತೆಯಲ್ಲೇ ತೆಗೆದುಕೊಂಡರೆ ಉಸಿರೇ ನಿಂತುಹೋಗಬಹುದು. ಅದಕ್ಕೆ ಸೆಳೆತ ತಡೆಯಲು ದಿನಾ ತೆಗೆದುಕೊಳ್ಳುವ, ಅದೇ ಗುಂಪಿನ ಬುಪ್ರೆನಾರ್ಫಿನ್ ಮಾತ್ರೆ ಕೊಡುವ ಕಡೆ ಗೊತ್ತುಮಾಡಿಯೇ ಮನೆಗೆ ಕಳಿಸುತ್ತೇವೆ. "ಒಂದು ಬಿಡಿಸಿ ಇನ್ನೊಂದು ಅಂಟಿಸ್ತೀರಾ?" ಅಂತ ಅಪ್ಪಂದಿರು ಜಗಳಕ್ಕೆ ಬರುತ್ತಾರೆ. "ನೀವೂ ದಿನಾ ಬಿಪಿ ಮಾತ್ರೆ ತಗೋತೀರಲ್ವಾ ಸರ್?" ಅನ್ನುತ್ತೇನೆ. ಕೆಲವರು ಒಪ್ಪುತ್ತಾರೆ, ಕೆಲವರು ಮಗನನ್ನು ಕರೆದುಕೊಂಡು ಹೊರಟೇಬಿಡುತ್ತಾರೆ.

ಈಗ 'ಗುಣಮುಖ' ಅಂತ ಬರೆಯುತ್ತಿದ್ದ ಕಾಲಂನಲ್ಲಿ 'ಕೊನೆಯ ಕರೆ' ಅಂತಿದೆ. ಫೋನ್ ಸ್ವಿಚ್ ಆಫ್ ಆದವರನ್ನು ಚೆನ್ನಾಗಿರುವವರ ಲೆಕ್ಕಕ್ಕೆ ಸೇರಿಸುವುದಿಲ್ಲ. ಹಾಗಾಗಿ ವರದಿಯ ಅಂಕಿ ಮೊದಲಿಗಿಂತ ಬಡವಾಗಿ ಕಾಣುತ್ತದೆ. ಆಟೋದವರ ಸಾಲಿನಲ್ಲಿ ಮಾತ್ರ ಜಾಗ ಮುಗಿದು, ಇನ್ನೊಂದು ಹಾಳೆ ಅಂಟಿಸಿದ್ದೇನೆ.