ಒಳ್ಳೆಮೆಣಸಿಗೆ ಸೊರಗು ರೋಗ ಬಂದಾಗ ಎಲೆಯೊಳಗೆ ಏನಾಗುತ್ತದೆ? ಅಳೆಯುವುದು ಹೀಗೆ

ಪೆರ್ಲ, ಬದಿಯಡ್ಕ ಕಡೆಯ ಅಡಿಕೆ ತೋಟಗಳಲ್ಲಿ ಜೋರು ಮಳೆಗೆ ಒಳ್ಳೆಮೆಣಸಿನ ಬಳ್ಳಿ ಸೊರಗಿ ಸಾಯುವುದು ಹೊಸತಲ್ಲ. ಇದು ಫೈಟೋಫ್ತೋರಾ ಎಂಬ, ಶಿಲೀಂಧ್ರದಂಥ ರೋಗಾಣುವಿನ ಕೆಲಸ. ರೋಗ ತಗುಲಿದಾಗ ಬಳ್ಳಿ ಸುಮ್ನೆ ಕೂರುವುದಿಲ್ಲ, ಅದರೊಳಗಿನ ಸಕ್ಕರೆ, ಅಮೈನೋ ಆಮ್ಲ, ಫೀನಾಲ್, ಸ್ಯಾಲಿಸಿಲಿಕ್ ಆಮ್ಲ ಎಲ್ಲ ಏರುಪೇರಾಗುತ್ತವೆ. ಈ ಸಣ್ಣ ಅಣುಗಳನ್ನು ಒಟ್ಟಿಗೆ ಅಳೆಯುವುದೇ ಮೆಟಬೊಲೈಟ್ ಪ್ರೊಫೈಲಿಂಗ್.

ತೋಟದಲ್ಲಿ ಆಗಲೇ ಸೊರಗಿದ ಬಳ್ಳಿಯಿಂದ ಶುರು ಮಾಡಬೇಡಿ. ಅಲ್ಲಿ ಸಿಗುವುದು ಸಾವಿನ ಲೆಕ್ಕ, ಹೋರಾಟದ್ದಲ್ಲ. ರೋಗ ತಡೆಯುವ ಐಐಎಸ್‌ಆರ್ ಶಕ್ತಿ ಮತ್ತು ಬೇಗ ಬೀಳುವ ಪನ್ನಿಯೂರು-1, ಈ ಎರಡು ತಳಿಗಳ ಒಂದೇ ವಯಸ್ಸಿನ ಗಿಡಗಳನ್ನು ಚಟ್ಟಿಯಲ್ಲಿ ಬೆಳೆಸಿ. ಅರ್ಧಕ್ಕೆ ರೋಗಾಣು, ಉಳಿದರ್ಧಕ್ಕೆ ಬರೀ ನೀರು. 0, 12, 24, 48 ಗಂಟೆಗೆ ಎಲೆ ತೆಗೆಯಿರಿ, ಪ್ರತಿ ಹೊತ್ತಿಗೂ ಪ್ರತಿ ಗುಂಪಿನಿಂದ ಕನಿಷ್ಠ 6 ಗಿಡ ಬೇಕು. ರಾತ್ರಿ-ಹಗಲಿಗೆ ಸಕ್ಕರೆ ತಾನಾಗಿ ಬದಲಾಗುತ್ತದೆ, ಹಾಗಾಗಿ ನೀರು ಹಾಕಿದ ಗಿಡದ ಎಲೆಯನ್ನೂ ಅದೇ ಗಳಿಗೆಯಲ್ಲಿ ಕೊಯ್ಯಬೇಕು. ಬೋರ್ಡೋ ದ್ರಾವಣ ಸಿಂಪಡಿಸಿದ ಗಿಡ ಮಾತ್ರ ಬೇಡ.

ಎಲೆ ಕೊಯ್ದ ಮೇಲೆ ಮಾತಾಡುತ್ತಾ ನಿಂತರೆ ಕೆಲಸ ಕೆಟ್ಟಿತು. ಗಾಯವಾದ ಎಲೆಯಲ್ಲಿ ಕಿಣ್ವಗಳು ಕೂಡಲೇ ಫೀನಾಲ್‌ಗಳನ್ನು ಬದಲಿಸಲು ತೊಡಗುತ್ತವೆ, ಆಮೇಲೆ ನೀವು ಅಳೆಯುವುದು ರೋಗವನ್ನೋ ಕತ್ತರಿಯನ್ನೋ ಹೇಳಲಾಗದು. ಕೆಲವೇ ಸೆಕೆಂಡುಗಳಲ್ಲಿ ಎಲೆ ದ್ರವ ಸಾರಜನಕಕ್ಕೆ, ಅಂದರೆ ಮೈನಸ್ 196 ಡಿಗ್ರಿಗೆ ಬೀಳಬೇಕು. ಪಶು ಆಸ್ಪತ್ರೆಯವರು ವೀರ್ಯದ ಕಡ್ಡಿ ಇಡುವಂಥ ಕ್ಯಾನ್ ಇದ್ದರೆ ಸಾಕು. ನಂತರ ಮೈನಸ್ 80ರ ಫ್ರೀಜರ್.

ಹೆಪ್ಪುಗಟ್ಟಿದ ಎಲೆಯನ್ನು ಕರಗಲು ಬಿಡದೆ ಅರೆದು, ತೂಗಿ, ತಣ್ಣನೆಯ 80% ಮೆಥನಾಲ್ ಹಾಕಿ. ಹಾಕುವಾಗಲೇ ರಿಬಿಟಾಲ್‌ನಂಥ ಒಳಮಾನಕವನ್ನು, ಅಂದರೆ ಅಳತೆ ಹೋಲಿಸಲು ಬಳಸುವ ಗೊತ್ತಿರುವ ವಸ್ತುವನ್ನು, ಎಲ್ಲಕ್ಕೂ ಸಮನಾಗಿ ಸೇರಿಸಿ. ಸಕ್ಕರೆ, ಸಾವಯವ ಆಮ್ಲಕ್ಕೆ ಜಿಸಿ-ಎಂಎಸ್ ಒಳ್ಳೆಯದು, ಫೀನಾಲ್, ಆಲ್ಕಲಾಯ್ಡ್‌ಗೆ ಎಲ್‌ಸಿ-ಎಂಎಸ್. ಎರಡೂ ಅಣುಗಳನ್ನು ಬೇರ್ಪಡಿಸಿ ತೂಕದಿಂದ ಗುರುತಿಸುವ ಯಂತ್ರಗಳು, ಮೊದಲನೆಯದು ಅನಿಲದಲ್ಲಿ, ಎರಡನೆಯದು ದ್ರವದಲ್ಲಿ ಬೇರ್ಪಡಿಸುತ್ತದೆ. ಯಂತ್ರಕ್ಕೆ ಹಾಕುವಾಗ ರೋಗದ್ದೆಲ್ಲ ಮೊದಲು, ಆರೋಗ್ಯದ್ದೆಲ್ಲ ಆಮೇಲೆ ಅಂತ ಸಾಲು ಮಾಡಬೇಡಿ, ಕಲಸಿಬಿಡಿ. ಎಲ್ಲದರಿಂದ ಚೂರುಚೂರು ಸೇರಿಸಿ ಮಾಡಿದ ಮಿಶ್ರಣವನ್ನು ನಡುನಡುವೆ ಓಡಿಸಿ. ಅದರ ಅಳತೆಯೇ ಕುಣಿದರೆ ಉಳಿದದ್ದನ್ನು ನಂಬುವುದು ಹೇಗೆ?

ಹಲವು ಅಳತೆಗಳನ್ನು ಒಟ್ಟುಗೂಡಿಸಿ ಮಾದರಿಗಳ ಹೋಲಿಕೆ ತೋರಿಸುವ ಪಿಸಿಎ ಚಿತ್ರದಲ್ಲಿ ಗುಂಪು ಬೇರೆಯಾದರೆ ಖುಷಿಯಾಗುತ್ತದೆ, ಅಲ್ವಾ? ತಡೆಯಿರಿ. ಏರಿದ ಅಣು ಬಳ್ಳಿಯದ್ದೇ ಆಗಬೇಕೆಂದಿಲ್ಲ, ರೋಗಾಣು ತಾನೂ ಅಷ್ಟೋ ಇಷ್ಟೋ ಬಿಡುತ್ತದೆ. ತಟ್ಟೆಯಲ್ಲಿ ಬೆಳೆಸಿದ ಫೈಟೋಫ್ತೋರಾವನ್ನು ಒಂಟಿಯಾಗಿ ಇದೇ ದಾರಿಯಲ್ಲಿ ಅಳೆದು, ಪಕ್ಕದಲ್ಲಿಟ್ಟು ಹೋಲಿಸಿ.