ಹಳೆಯ ಕೋವಿಗೆ ಉಕ್ಕಿನ ಚರೆ: ತೋಟಾ ತುಂಬುವ ಮೊದಲು ಏನೇನು ನೋಡಬೇಕು?

ಕೆರೆಯ ತಳಕ್ಕೆ ಬಿದ್ದ ಸೀಸದ ಚರೆಯನ್ನು, ಅಂದರೆ ತೋಟಾದೊಳಗಿನ ಸಣ್ಣ ಗುಂಡುಗಳನ್ನು, ನೀರುಹಕ್ಕಿಗಳು ಹರಳುಕಲ್ಲೆಂದು ನುಂಗುತ್ತವೆ. ವಿಷ ಮೈಗೇರಿ ಸಾಯುತ್ತವೆ. ಅದಕ್ಕೇ ಅಮೆರಿಕ 1991ರಲ್ಲಿ ನೀರುಹಕ್ಕಿ ಬೇಟೆಗೆ ಸೀಸವನ್ನು ದೇಶದಾದ್ಯಂತ ನಿಷೇಧಿಸಿತು. ಐರೋಪ್ಯ ಒಕ್ಕೂಟದ ಜೌಗು ಪ್ರದೇಶಗಳಲ್ಲಿ 2023ರಿಂದ ಸೀಸಕ್ಕೆ ಜಾಗವಿಲ್ಲ. ಇದು ಆಗಲೇಬೇಕಿದ್ದ ಕೆಲಸ. ಆದರೆ ಸೀಸ ಹಾರಿಸಲೆಂದೇ ಮಾಡಿದ ಹಳೆಯ ಶಾಟ್‌ಗನ್‌ಗಳು ಇನ್ನೂ ಎಷ್ಟೋ ಜನರ ಕೈಯಲ್ಲಿವೆ. ಅವುಗಳಲ್ಲಿ ಉಕ್ಕಿನ ಚರೆ ಹಾರಿಸಬಹುದಾ? ಕೆಲವಕ್ಕೆ ಸರಿ, ಕೆಲವಕ್ಕೆ ಖಂಡಿತ ಬೇಡ. ಯಾವುದಕ್ಕೆ ಸರಿ ಅನ್ನುವುದನ್ನು ಕೋವಿಯನ್ನೇ ನೋಡಿ ತೀರ್ಮಾನಿಸಬೇಕು.

ಮೊದಲು ಕೋವಿ ಬಿಚ್ಚಿ, ಒಳಗೆ ತೋಟಾ ಇಲ್ಲವೆಂದು ಕಣ್ಣಾರೆ ನೋಡಿಕೊಳ್ಳಿ. ಆಮೇಲೆ ನಳಿಗೆಯ ಮೈ ನೋಡಿ. ಸುರುಳಿ ಸುರುಳಿಯಾದ ಚಿತ್ತಾರ ಕಾಣುತ್ತದೆಯೇ? ಹಾಗಿದ್ದರೆ ಅದು ಡಮಾಸ್ಕಸ್ ನಳಿಗೆ. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಸುತ್ತಿ ಬೆಸೆದು ಮಾಡಿದ್ದು. ಅದಕ್ಕೆ ಉಕ್ಕಿನ ಚರೆ ಬೇಡವೇ ಬೇಡ. ಮೇಲೆ ಕಪ್ಪು ಬಣ್ಣ ಹಚ್ಚಿದ್ದರೆ ಚಿತ್ತಾರ ಮುಚ್ಚಿಹೋಗಿರುತ್ತದೆ. ಹಾಗಾಗಿ ತುಂಬಾ ಹಳೆಯ ಕೋವಿಯನ್ನು ಬಲ್ಲವರಿಗೆ ತೋರಿಸದೆ ನಂಬಬೇಡಿ.

ಮುಂದಿನದು ಚೇಂಬರ್, ಅಂದರೆ ತೋಟಾ ಕೂರುವ ಜಾಗ. ಇಲ್ಲಿ ಜಾಸ್ತಿ ಜನ ಎಡವುತ್ತಾರೆ. ಹಳೆಯ 12 ಬೋರ್ (ಬೋರ್ ಅಂದರೆ ನಳಿಗೆಯ ಒಳಗಾತ್ರದ ಅಳತೆ) ಕೋವಿಗಳಲ್ಲಿ ಹಲವಕ್ಕೆ 65 ಮಿಲಿಮೀಟರ್ ಚೇಂಬರ್ ಇರುತ್ತದೆ. ಈಗಿನ ತೋಟಾಗಳಲ್ಲಿ ಹೆಚ್ಚಿನವು 70 ಮಿಲಿಮೀಟರ್ ಅಥವಾ ಅದಕ್ಕೂ ಉದ್ದ. ಆದರೂ ತೋಟಾ ಒಳಗೆ ಸಲೀಸಾಗಿ ಕೂರುತ್ತದೆ, ಕೋವಿ ಮುಚ್ಚಿಕೊಳ್ಳುತ್ತದೆ! ಯಾಕೆಂದರೆ ಡಬ್ಬಿಯ ಮೇಲಿರುವುದು ಹಾರಿಸಿದ ಮೇಲಿನ ಉದ್ದ. ಈಡು ಹಾರಿದಾಗ ತೋಟಾದ ಮಡಿಸಿದ ಬಾಯಿ ಬಿಚ್ಚಿಕೊಂಡು ಚೇಂಬರಿನ ಮುಂದಿನ ಕಿರಿದಾದ ಜಾಗಕ್ಕೆ ಚಾಚುತ್ತದೆ. ಚರೆ ಹೊರಡುವ ದಾರಿ ಇಕ್ಕಟ್ಟಾಗಿ ಒತ್ತಡ ಏರುತ್ತದೆ. ತೋಟಾ ಕೂತಿತು ಅಂದಮಾತ್ರಕ್ಕೆ ಸರಿಹೊಂದಿತು ಅಂದುಕೊಳ್ಳಬೇಡಿ. ಚೇಂಬರ್ ಅಳತೆ ಮಾಡಿಸಿ.

ಈಗ ಚೋಕ್‌ಗೆ, ಅಂದರೆ ನಳಿಗೆ ತುದಿಯಲ್ಲಿ ಕಿರಿದಾಗುವ ಜಾಗಕ್ಕೆ ಬನ್ನಿ. ಸೀಸ ಮೆತ್ತಗಿನ ಲೋಹ. ಚೋಕ್‌ನ ಇಕ್ಕಟ್ಟಿನಲ್ಲಿ ಚರೆಗಳು ಒಂದಕ್ಕೊಂದು ಒತ್ತಿ, ಸ್ವಲ್ಪ ಚಪ್ಪಟೆಯಾಗಿ ಜಾರಿಹೋಗುತ್ತವೆ. ಉಕ್ಕು ಹಾಗೆ ಬಗ್ಗುವುದಿಲ್ಲ. ಇಡೀ ಭಾರ ನಳಿಗೆಯ ಮೇಲೆ ಬೀಳುತ್ತದೆ. ಆಗ ಚೋಕ್ ಶುರುವಾಗುವಲ್ಲಿ ನಳಿಗೆಯ ಸುತ್ತ ಬಳೆ ತೊಡಿಸಿದಂತೆ ಉಬ್ಬು ಏಳುತ್ತದೆ. ಜೋಡುನಳಿಗೆಯಲ್ಲಿ ಎರಡು ನಳಿಗೆಗಳ ನಡುವಿನ ಬೆಸುಗೆಯೂ ಬಿಡಬಹುದು. ಫುಲ್ ಚೋಕ್ 12 ಬೋರ್‌ನಲ್ಲಿ ಸುಮಾರು 1 ಮಿಲಿಮೀಟರ್ ಕಿರಿದು, ಹಾಫ್ ಚೋಕ್ ಅದರರ್ಧ. ಹಳೆಯ ಕೋವಿಗೆ ಹಾಫ್ ಚೋಕ್‌ಗಿಂತ ಬಿಗಿ ಬೇಡ. ಕ್ವಾರ್ಟರ್ ಇದ್ದರೆ ಇನ್ನೂ ಒಳ್ಳೆಯದು. ಚೋಕ್ ತುಸು ಬಿಡಿಸುವ ಕೆಲಸವನ್ನು ಗನ್‌ಸ್ಮಿತ್ ಮಾಡಿಕೊಡುತ್ತಾರೆ. ಆದರೆ ನಳಿಗೆಯ ಗೋಡೆ ಎಷ್ಟು ದಪ್ಪ ಉಳಿದಿದೆ ಎಂದು ಮೊದಲೇ ಅಳೆಸಬೇಕು.

ಪ್ರೂಫ್ ಗುರುತುಗಳನ್ನೂ, ಅಂದರೆ ಕೋವಿ ಒತ್ತಡದ ಪರೀಕ್ಷೆಯಲ್ಲಿ ಪಾಸಾಗಿದೆ ಎಂದು ಒತ್ತಿದ ಮುದ್ರೆಗಳನ್ನೂ, ಬಲ್ಲವರಿಂದ ಓದಿಸಿ. ಯುರೋಪಿನ ನಿಯಮದಲ್ಲಿ ಉಕ್ಕಿನ ತೋಟಾ ಎರಡು ಬಗೆ. ಸ್ಟ್ಯಾಂಡರ್ಡ್ ಬಗೆಯ 12 ಬೋರ್ ತೋಟಾದ ಒತ್ತಡದ ಮಿತಿ 740 ಬಾರ್. ಇದು ಮಾಮೂಲಿ ಸೀಸದ ತೋಟಾದ ಮಿತಿಯೇ. ಹೈ ಪರ್ಫಾರ್ಮೆನ್ಸ್ ಬಗೆಗೆ 1050 ಬಾರ್. ಅದನ್ನು ಹಾರಿಸಲು ಕೋವಿಯ ಮೇಲೆ ಲಿಲ್ಲಿ ಹೂವಿನಾಕಾರದ ಗುರುತು ಇರಲೇಬೇಕು. ಹಳೆಯ ಕೋವಿಗಳಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ಹೊಗೆರಹಿತ ಮದ್ದಿನ ಪ್ರೂಫ್ ಕೂಡ ಇಲ್ಲದ ಕೋವಿಯಾದರೆ ಉಕ್ಕಿನ ಮಾತೇ ಬೇಡ. ಕೋವಿ ಮಾಡಿದ ಕಂಪನಿ ಏನು ಹೇಳುತ್ತದೆ ಎಂದೂ ನೋಡಿ. ಬೆಲ್ಜಿಯಂನಲ್ಲಿ ತಯಾರಾದ ಬ್ರೌನಿಂಗ್ ಆಟೋ-5 ನಳಿಗೆಗಳಲ್ಲಿ ಉಕ್ಕು ಹಾರಿಸಬೇಡಿ ಎಂದು ಬ್ರೌನಿಂಗ್ ಕಂಪನಿಯೇ ಎಚ್ಚರಿಸಿದೆ.

ಇಷ್ಟೆಲ್ಲ ದಾಟಿ ಬಂದ ಕೋವಿಗೆ ಸ್ಟ್ಯಾಂಡರ್ಡ್ ಉಕ್ಕಿನ ತೋಟಾ ಸಾಕು. ಸೀಸದ ಸಾಂದ್ರತೆ 11.3, ಉಕ್ಕಿನದು ಸುಮಾರು 7.8. ಹಗುರವಾದ್ದರಿಂದ ಉಕ್ಕಿನ ಚರೆ ಬೇಗ ವೇಗ ಕಳೆದುಕೊಳ್ಳುತ್ತದೆ. ಅದನ್ನು ಸರಿದೂಗಿಸಲು ಸೀಸದಲ್ಲಿ 4ನೇ ನಂಬರ್ ಬಳಸುತ್ತಿದ್ದವರು ಉಕ್ಕಿನಲ್ಲಿ 2ನೇ ನಂಬರ್‌ಗೆ ಹೋಗುತ್ತಾರೆ; ನಂಬರ್ ಕಡಿಮೆಯಾದಷ್ಟೂ ಚರೆ ದಪ್ಪ. ಚರೆ ದಪ್ಪವಾದಷ್ಟೂ ಚೋಕ್‌ಗೆ ಪೆಟ್ಟು ಜಾಸ್ತಿ ಅನ್ನುವುದನ್ನು ಮರೆಯಬೇಡಿ. ದೂರದ ಈಡಿನ ಆಸೆಯನ್ನೂ ಬಿಡಬೇಕು. ಗಾಯಗೊಂಡು ಹಾರಿಹೋಗುವ ಹಕ್ಕಿಗೆ ಅದಕ್ಕಿಂತ ದೊಡ್ಡ ಹಿಂಸೆ ಇನ್ನೇನಿದೆ?

ಸೀಸದ ತೋಟಾ ಬಿಚ್ಚಿ, ಅದೇ ಮದ್ದಿನ ಮೇಲೆ ಉಕ್ಕಿನ ಚರೆ ಸುರಿಯುವ ಸಾಹಸ ಮಾತ್ರ ಮಾಡಲೇಬೇಡಿ. ಉಕ್ಕಿಗೆ ಬೇರೆಯೇ ಮದ್ದು ಬೇಕು. ಚರೆ ನಳಿಗೆಯನ್ನು ಗೀಚದಂತೆ ದಪ್ಪ ಗೋಡೆಯ ವ್ಯಾಡ್, ಅಂದರೆ ಚರೆಯನ್ನು ಹಿಡಿದಿಡುವ ಬಟ್ಟಲು, ಬೇಕು.

ಯಾವುದೇ ಹಂತದಲ್ಲಿ ಅನುಮಾನ ಬಂತೇ? ಬಿಸ್ಮತ್ ತೋಟಾ ತೆಗೆದುಕೊಳ್ಳಿ. ದುಬಾರಿ ನಿಜ. ಆದರೆ ಉಕ್ಕಿಗಿಂತ ಮೆತ್ತಗೆ, ಭಾರವೂ ಜಾಸ್ತಿ. ಚೇಂಬರ್ ಉದ್ದ, ಒತ್ತಡದ ಮಿತಿ ಅದಕ್ಕೂ ಅನ್ವಯಿಸುತ್ತವೆ. ಸೀಸವಿಲ್ಲ ಅಂದಮಾತ್ರಕ್ಕೆ ಎಲ್ಲವೂ ಮೆತ್ತಗಿರುವುದಿಲ್ಲ. ಟಂಗ್‌ಸ್ಟನ್‌ನ ಕೆಲವು ಚರೆಗಳು ಉಕ್ಕಿಗಿಂತಲೂ ಗಟ್ಟಿ.

ಉಕ್ಕು ಹಾರಿಸಿದ ಮೇಲೆ ತೋಟಾ ತೆಗೆದು, ನಳಿಗೆಯ ತುದಿಯ ಮೇಲೆ ಬೆರಳಾಡಿಸಿ. ಖಾಲಿ ನಳಿಗೆಯನ್ನು ಬಿಚ್ಚಿ ಬೆಳಕಿಗೆ ಹಿಡಿದು ಒಳಗೂ ನೋಡಿ. ಉಬ್ಬು, ಗೀರು, ಬೆಸುಗೆಯಲ್ಲಿ ಬಿರುಕು ಇವುಗಳಲ್ಲಿ ಯಾವುದು ಕಂಡರೂ ಅಲ್ಲಿಗೇ ನಿಲ್ಲಿಸಿ, ಗನ್‌ಸ್ಮಿತ್ ನೋಡುವವರೆಗೆ ಇನ್ನೊಂದು ಈಡು ಹಾರಿಸಬೇಡಿ.